ಮೊಳಕಾಲ್ಮುರಿನ ಮಾಳಿಗೆ ಮನೆಗಳು

ಮೊಳಕಾಲ್ಮುರು ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಎರಡೇ: ರೇಷ್ಮೆ ಸೀರೆ, ಅಶೋಕನ ಶಾಸನ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಬರಹಗಳನ್ನು 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದರು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿದರು. ಬಂಡೆಗೆ ಪುರಾತತ್ವ ಇಲಾಖೆಯ ಕಾವಲಿದೆ, ಸೀರೆಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆ ಸಿಕ್ಕಿತು. ಆ ಸೀರೆ ನೇಯ್ದ ಮನೆಗಳನ್ನು ಮಾತ್ರ ಕೇಳುವವರಿಲ್ಲ. 2011ರ ಜನಗಣತಿಯಲ್ಲಿ ಪಟ್ಟಣದ ಜನಸಂಖ್ಯೆ ಹದಿನೈದು ಸಾವಿರದ ಆಸುಪಾಸು. ಇಷ್ಟು ಸಣ್ಣ ಊರಿನ ಹಳೇ ಕೇರಿಯ ಗೋಡೆಗಳನ್ನು ಯಾರು ಅಳೆದಾರು?

ಬೆಟ್ಟದ ಬುಡದ ಊರಾದ್ದರಿಂದ ಇಲ್ಲಿ ಕಲ್ಲಿಗೆ ಬರವಿಲ್ಲ. ಹಳೇ ಮನೆಗಳ ಗೋಡೆ ಕಲ್ಲು ಮತ್ತು ಕೆಸರುಮಣ್ಣಿನದು. ಒಬ್ಬರು ಆರಾಮವಾಗಿ ಕೂರುವಷ್ಟು ದಪ್ಪ. ಗೋಡೆಯಲ್ಲೇ ದೀಪದ ಗೂಡು, ದೇವರ ಗೂಡು. ಮೇಲೆ ತೊಲೆ, ತೊಲೆಯ ಮೇಲೆ ಜಂತೆ. ಇದ್ದವರದ್ದಾದರೆ ತೇಗ, ಉಳಿದವರದ್ದು ಬೇವು, ಜಾಲಿ. ಜಂತೆಯ ಮೇಲೆ ಕಡ್ಡಿ, ಸೊಪ್ಪು ಹರಡಿ, ಮಣ್ಣು ತುಳಿದು, ಕಡೆಗೆ ಕರ್ಲುಮಣ್ಣು ಹಾಕುತ್ತಾರೆ. ಮಾಳಿಗೆಯ, ಅಂದರೆ ಈ ಮಣ್ಣಿನ ಸೂರಿನ, ಜೀವವೆಲ್ಲ ಈ ಕರ್ಲುಮಣ್ಣಿನಲ್ಲಿದೆ. ಉಪ್ಪಿನಂಶದ ಈ ಮಣ್ಣು ನೆನೆದರೆ ಒತ್ತಾಗಿ ಕೂತು ನೀರನ್ನು ಕೆಳಗೆ ಬಿಡುವುದಿಲ್ಲ. ಹೆಚ್ಚು ಮಳೆ ಕಾಣದ ಸೀಮೆಗೆ ಇದೇ ಸರಿಯಾದ ಸೂರು. ಮುಂಗಾರಿಗೆ ಮೊದಲೊಮ್ಮೆ ಹೊಸ ಕರ್ಲು ಎಳೆದರೆ ಆಯಿತು. ನೆತ್ತಿಯ ಮೇಲೊಂದು ಗವಾಕ್ಷಿ. ಮಳೆ ಬಂದರೆ ಮೇಲೆ ಹತ್ತಿ ಕಲ್ಲುಚಪ್ಪಡಿ ಮುಚ್ಚಬೇಕು.

ಒಳಗೆ ಹೊಕ್ಕರೆ ಗುಂಡಿಮಗ್ಗ. ನೇಕಾರ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ತುಳಿಯುತ್ತಾನೆ; ಹಾಸಿನ ಎಳೆಗಳು ನೆಲಕ್ಕೆ ಹತ್ತಿರದಲ್ಲೇ ಹಾದುಹೋಗುತ್ತವೆ. ಮಣ್ಣಿನ ನೆಲದ ತಂಪು, ದಪ್ಪ ಗೋಡೆಯ ನೆರಳು, ಮಾಳಿಗೆಯ ತಣುವು ಮೂರೂ ಸೇರಿ ಬೇಸಿಗೆಯಲ್ಲೂ ರೇಷ್ಮೆ ಎಳೆ ಒಣಗಿ ಕಡಿಯದಂತೆ ಕಾಯುತ್ತವೆ. ಈ ಮನೆಯನ್ನು ವಾಸದ ಮನೆ ಎನ್ನುವುದಕ್ಕಿಂತ ನೇಯ್ಗೆಯ ಸಲಕರಣೆ ಎಂದರೂ ತಪ್ಪಿಲ್ಲ. ಇದನ್ನು ಬಿಟ್ಟು ಸೀರೆಗಷ್ಟೇ ಮಾನ್ಯತೆ ಕೊಟ್ಟದ್ದು ಅರ್ಧ ಕೆಲಸ ಎಂದೇ ನನ್ನ ಅಭಿಪ್ರಾಯ.

ಮಾಳಿಗೆ ಹೋಗುತ್ತಿರುವುದಕ್ಕೆ ನೇಕಾರರನ್ನು ದೂರುವಂತಿಲ್ಲ. ವಿನ್ಯಾಸ ನೇಯುವ ಜಕಾರ್ಡ್ ಪೆಟ್ಟಿಗೆ ಮಗ್ಗದ ನೆತ್ತಿಯ ಮೇಲೆ ಕೂರುತ್ತದೆ. ಜಂತೆಯ ತಗ್ಗು ಸೂರು ಅದಕ್ಕೆ ಸಾಲದು. ಕರ್ಲು ಹೊತ್ತು ಹಾಕುವ ಕೂಲಿಯವರು ಸಿಗುವುದಿಲ್ಲ. ಅಣ್ಣತಮ್ಮಂದಿರು ಭಾಗವಾದರೆ ಪಡಸಾಲೆಯ ನಡುವೆಯೇ ಗೋಡೆ ಏಳುತ್ತದೆ. ಸಾಲ ಮಾಡಿ ಆರ್‌ಸಿಸಿ ಸೂರು ಹಾಕಿಸಿದವರು ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ಮಗ್ಗದ ಮುಂದೆ ಕೂರಲಾಗದೆ ಹೊರಗೆ ಬರುತ್ತಾರೆ.

   

ಮೊಳಕಾಲ್ಮುರಿನವರಲ್ಲಿ ನನ್ನದೊಂದು ಕೋರಿಕೆ. ಹಳೇ ಮನೆ ಕೆಡವಲೇಬೇಕಾದರೆ ಕೆಡವಿ. ಅದಕ್ಕೆ ಮೊದಲು ಅಂಕಣಗಳ ಅಳತೆ, ಮಗ್ಗದ ಗುಂಡಿ ಇದ್ದ ಜಾಗ, ತೊಲೆ ಯಾವ ಮರದ್ದು, ಕರ್ಲು ಯಾವ ಹಳ್ಳದಿಂದ ತಂದದ್ದು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಬರೆದಿಡಿ. ನಾಲ್ಕು ಫೋಟೊ ತೆಗೆದಿಡಿ.