ಅರ್ಧ ಕೆಲಸ, ಅರ್ಧ ನಿವೃತ್ತಿ: ಲೆಕ್ಕ ಎಲ್ಲಿ ತಪ್ಪುತ್ತೆ?

ಬೇಗ ದುಡ್ಡು ಕೂಡಿಹಾಕಿ ನಲವತ್ತೈದಕ್ಕೇ ನೌಕರಿಗೆ ಕೈ ಮುಗಿಯೋ 'ಫೈರ್' ಕನಸು ಬೆಂಗಳೂರಿನ ಆಫೀಸುಗಳಿಗೆ ಹೊಸದಲ್ಲ. ಅದರದ್ದೇ ಒಂದು ಕವಲು 'ಬರಿಸ್ತಾ ಫೈರ್'. ಪೂರ್ತಿ ಬಿಡದೆ, ವಾರಕ್ಕೆ ಎರಡು ಮೂರು ದಿನದ ಕೆಲಸ ಇಟ್ಟುಕೊಂಡು ನಿಧಾನವಾಗಿ ನಿವೃತ್ತಿಯ ಕಡೆ ಸರಿಯುವುದು. ವಾರಕ್ಕೆ 70 ಗಂಟೆ ದುಡೀರಿ ಅನ್ನೋ ಉಪದೇಶ ಕೇಳಿಸಿಕೊಂಡ ತಲೆಮಾರಿಗೆ ಇದು ಇಷ್ಟವಾಗದೆ ಇರುತ್ತಾ? ನನಗೂ ಇಷ್ಟವೇ. ತೊಂದರೆ ಏನಂದ್ರೆ, ಆ ಹೆಸರು ಅಮೆರಿಕದ್ದು, ಅದರ ಹಿಂದಿನ ಲೆಕ್ಕವೂ ಅಲ್ಲಿಯದೇ. ಅಲ್ಲಿ ಸ್ಟಾರ್‌ಬಕ್ಸ್ ವಾರಕ್ಕೆ ಸುಮಾರು 20 ಗಂಟೆ ಕೆಲಸ ಮಾಡುವವರಿಗೂ ಆರೋಗ್ಯ ವಿಮೆ ಕೊಡುತ್ತೆ. ಕಾಫಿ ಮಾಡೋ ಕೆಲಸ ಹಿಡಿಯೋದು ಸಂಬಳಕ್ಕಿಂತ ಹೆಚ್ಚಾಗಿ ಆ ವಿಮೆಗೆ.

ನಮ್ಮಲ್ಲಿ ಹಾಗಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 2000ನೇ ಇಸವಿಯಿಂದಲೇ ಕೆಲಸದ ಗಂಟೆ ಕಡಿಮೆ ಮಾಡಿ ಅಂತ ಕೇಳುವ ಹಕ್ಕು ನೌಕರರಿಗಿದೆ. ಜರ್ಮನಿಯ 1996ರ ಕಾನೂನಿನಲ್ಲಿ, ಮಾಲೀಕರು ಒಪ್ಪಿದರೆ, 55 ದಾಟಿದವರು ಅರ್ಧ ಹೊತ್ತು ದುಡಿಯಬಹುದು. ಆ ಅರ್ಧ ಸಂಬಳದ ಮೇಲೆ ಮಾಲೀಕರು ಕನಿಷ್ಠ ಶೇ. 20ರಷ್ಟು ಸೇರಿಸಿ ಕೊಡಬೇಕು, ಪಿಂಚಣಿ ವಂತಿಗೆಯನ್ನೂ ತುಂಬಿಕೊಡಬೇಕು. ಇಲ್ಲಿ ಖಾಸಗಿ ನೌಕರರಿಗೆ ಅಂಥ ಹಕ್ಕಿಲ್ಲ. ಮ್ಯಾನೇಜರ್ ಒಪ್ಪಿದರೆ ಉಂಟು, ಇಲ್ಲದಿದ್ರೆ ಇಲ್ಲ. ಒಪ್ಪಿದರೂ ಏಟು ಬೀಳೋದು ಗ್ರಾಚ್ಯುಟಿಗೆ.

ಗ್ರಾಚ್ಯುಟಿ ಸೂತ್ರ ಸರಳ: ಕೊನೆಯ ತಿಂಗಳ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸೋದು. 'ಕೊನೆಯ' ಅನ್ನೋ ಪದ ಗಮನಿಸಿ. ನಾನು ಒಂದು ಲೆಕ್ಕ ಹಾಕಿ ನೋಡಿದೆ. 20 ವರ್ಷ ದುಡಿದು, 60,000 ರೂಪಾಯಿ ವೇತನ ಇರುವಾಗ ಬಿಟ್ಟರೆ ಸುಮಾರು 6.92 ಲಕ್ಷ. ಬಿಡದೆ ಅದೇ ಕಂಪನಿಯಲ್ಲಿ ಅರ್ಧ ಸಂಬಳಕ್ಕೆ ಇನ್ನೂ ಮೂರು ವರ್ಷ ಇದ್ದರೆ? 30,000 ಲೆಕ್ಕದಲ್ಲಿ 23 ವರ್ಷಕ್ಕೆ 3.98 ಲಕ್ಷ. ಮೂರು ವರ್ಷ ಹೆಚ್ಚು ದುಡಿದಿದ್ದಕ್ಕೆ ಹತ್ತಿರ ಹತ್ತಿರ ಮೂರು ಲಕ್ಷ ದಂಡ! ಸೇವೆಯಲ್ಲಿರುವಾಗ ಅಂಗವೈಕಲ್ಯ ಬಂದು ಸಂಬಳ ಇಳಿದವರಿಗೆ ಮಾತ್ರ 1972ರ ಕಾಯ್ದೆ ರಕ್ಷಣೆ ಕೊಟ್ಟಿತ್ತು, ಅವರ ಹಳೆಯ ವರ್ಷಗಳಿಗೆ ಹಳೆಯ ಸಂಬಳವೇ ಲೆಕ್ಕ. ತಾವಾಗಿಯೇ ಗಂಟೆ ಇಳಿಸಿಕೊಂಡವರಿಗೆ ಆ ರಕ್ಷಣೆ ಇಲ್ಲ.

ಹಾಗಾಗಿ ನನ್ನ ಸಲಹೆ: ಪೂರ್ತಿ ಹೊತ್ತಿನ ಸೇವೆಯ ಲೆಕ್ಕ ಚುಕ್ತಾ ಮಾಡಿಸಿ, ಗ್ರಾಚ್ಯುಟಿ ಕೈಗೆ ಬಂದ ಮೇಲೆಯೇ ಹೊಸ ಕರಾರಿಗೆ ಸಹಿ ಹಾಕಿ. ಇಲ್ಲವೇ ಹಳೆಯ ವರ್ಷಗಳಿಗೆ ಹಳೆಯ ವೇತನವೇ ಆಧಾರ ಅಂತ ಬರೆಸಿಕೊಳ್ಳಿ. ಕಾನೂನಿಗಿಂತ ಉತ್ತಮ ಷರತ್ತು ಒಪ್ಪಂದದಲ್ಲಿದ್ದರೆ ಅದು ಸಿಂಧು. ಬಾಯಿಮಾತಿನ ಭರವಸೆ ಬೇಡ, ಎಚ್‌ಆರ್‌ನವರು ಎಷ್ಟೇ ಒಳ್ಳೆಯವರಿರಲಿ.

ಇಪಿಎಫ್ ಪಿಂಚಣಿಯನ್ನು ನೆಚ್ಚಿಕೊಳ್ಳುವ ಹಾಗೇ ಇಲ್ಲ. 2014ರಲ್ಲಿ ನಿಗದಿಯಾದ 15,000 ರೂಪಾಯಿ ಮಿತಿಯ ಮೇಲೆಯೇ ಬಹುತೇಕರ ಲೆಕ್ಕ. 15 ವರ್ಷ ಸೇವೆಯಾದವರಿಗೆ 58ಕ್ಕೆ ಸಿಗೋದು ತಿಂಗಳಿಗೆ ಸುಮಾರು 3,200. ಐವತ್ತರಿಂದಲೇ ತೆಗೆದುಕೊಳ್ಳಬಹುದು, ಆದರೆ ಮುಂಚಿನ ಪ್ರತಿ ವರ್ಷಕ್ಕೆ ಶೇ. 4 ಕಡಿತ.

ಆರೋಗ್ಯ ವಿಮೆಯದ್ದು ಇನ್ನೊಂದು ತಲೆನೋವು. ಕಂಪನಿಯ ಗುಂಪು ವಿಮೆ ನೌಕರಿಯ ಜೊತೆಗೇ ಹೋಗುತ್ತೆ. ಸ್ವಂತ ಪಾಲಿಸಿಯಲ್ಲಿ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಬಿಡೋದು ನಲವತ್ತೈದಕ್ಕೆ ಅಂದ್ರೆ ಪಾಲಿಸಿ ನಲವತ್ತೆರಡಕ್ಕೇ ಆಗಬೇಕು. 'ಕನ್ಸಲ್ಟೆಂಟ್' ಅಂತ ಸೇರಿಕೊಂಡರೆ ಪಿಎಫ್ಪೂ ಇಲ್ಲ, ಗ್ರಾಚ್ಯುಟಿಯೂ ಇಲ್ಲ.

ಇದೆಲ್ಲ ಒಳ್ಳೆ ಸಂಬಳದವರ ಚಿಂತೆ ಅಲ್ವಾ ಅಂತ ಕೇಳಬಹುದು. ಪೂರ್ತಿ ನಿಜ ಅಲ್ಲ. 2016ರ ಏಪ್ರಿಲ್‌ನಲ್ಲಿ ಹೊಸೂರು ರಸ್ತೆಗಿಳಿದ ಗಾರ್ಮೆಂಟ್ ಕೆಲಸಗಾರರನ್ನು ನೆನಪಿಸಿಕೊಳ್ಳಿ. ಮಾಲೀಕರ ಪಾಲಿನ ಪಿಎಫ್ 58 ಆಗುವ ತನಕ ಮುಟ್ಟುವಂತಿಲ್ಲ ಅನ್ನೋ ನಿಯಮದ ವಿರುದ್ಧ ಸಾವಿರಾರು ಹೆಂಗಸರು ಬೀದಿಗೆ ಬಂದರು, ಕೇಂದ್ರ ಸರ್ಕಾರ ಅದನ್ನು ವಾಪಸ್ ಪಡೆಯಿತು. ಐವತ್ತೆಂಟರವರೆಗೆ ಹೊಲಿಗೆ ಮಿಷನ್ ಮುಂದೆ ಕೂರೋದು ಆಗದ ಮಾತು ಅಂತ ಅವರಿಗೆ ಗೊತ್ತಿತ್ತು. ಬೇಗ ಮುಗಿಯುವ ನೌಕರಿಗೂ ಮುಂದಿನ ಬದುಕಿಗೂ ನಡುವೆ ಇದ್ದ ಸೇತುವೆ ಆ ದುಡ್ಡೊಂದೇ.

ಅದೇ ಜಗಳ ಈಗ ಬೇರೆ ರೂಪದಲ್ಲಿ ಬಂದಿದೆ. 2025ರ ಅಕ್ಟೋಬರ್‌ನಲ್ಲಿ ಇಪಿಎಫ್‌ಒ ಮಂಡಳಿ, ಖಾತೆಯಲ್ಲಿ ಶೇ. 25 ಸದಾ ಉಳಿದಿರಬೇಕು, ಕೆಲಸ ಹೋದವರು ಪೂರ್ತಿ ಹಣ ತೆಗೆಯಲು ಎರಡು ತಿಂಗಳ ಬದಲು 12 ತಿಂಗಳು ಕಾಯಬೇಕು ಅಂತ ತೀರ್ಮಾನಿಸಿತು. ಆ ನಡುವೆ ಪಿಎಫ್ ಇರುವ ಅರೆಕಾಲಿಕ ಕೆಲಸವೊಂದನ್ನು ಹಿಡಿದರೆ ನೀವು ನಿರುದ್ಯೋಗಿಯೇ ಅಲ್ಲ, ಆ ಕಾಲು ಭಾಗ ಅಲ್ಲೇ ಇರುತ್ತೆ.