ಅರಳು ಮರಳು ಮತ್ತು ಓಡುವ ಇಲಿಗಳು

ಅರವತ್ತಕ್ಕೆ ಅರಳು ಮರಳು ಅನ್ನುವ ಮಾತು ಕೇಳದ ಊರಿಲ್ಲ. ಅಜ್ಜ ಉಂಡು ಕೈ ತೊಳೆದ ಐದೇ ನಿಮಿಷಕ್ಕೆ "ಊಟ ಹಾಕಿಲ್ಲ" ಅಂದರೆ, ಅಜ್ಜಿ ಮಗಳನ್ನು ತಂಗಿಯ ಹೆಸರಿನಿಂದ ಕರೆದರೆ, "ವಯಸ್ಸಾಯ್ತು ಬಿಡಿ" ಅಂದು ಸುಮ್ಮನಾಗುತ್ತೇವೆ. ಜೊತೆಗೆ ಇನ್ನೊಂದು ಮಾತೂ ಸೇರಿಸುತ್ತೇವೆ: "ದುಡಿದಿದ್ದು ಸಾಕು, ಒಂದು ಕಡೆ ಕೂತ್ಕೊಳ್ಳಿ."

ಈ ಎರಡನೇ ಮಾತು ಎಷ್ಟು ಸರಿ? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಇಲಿಗಳ ಪ್ರಯೋಗಗಳ ಚರಿತ್ರೆ ಸಿಗುತ್ತದೆ. ಅದರ ಒಂದು ಅಧ್ಯಾಯ ಬೆಂಗಳೂರಿನ ಮೈಸೂರು ರಸ್ತೆಯಲ್ಲೇ ನಡೆದಿದೆ.

ಮೊದಲು ಕಾಯಿಲೆಯ ವಿಷಯ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್‌ಝೈಮರ್, ಮರೆವಿನಿಂದ ನರಳಿ 55ನೇ ವಯಸ್ಸಿನಲ್ಲಿ ತೀರಿಕೊಂಡ ಹೆಂಗಸೊಬ್ಬರ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನರಕೋಶಗಳ ಹೊರಗೆ ಗಂಟುಗಳಿದ್ದವು, ಒಳಗೆ ಸಿಕ್ಕುಬಿದ್ದ ನೂಲಿನಂಥ ಎಳೆಗಳಿದ್ದವು. ಇದು ಬರೀ ವಯಸ್ಸಿನ ಮರೆವಲ್ಲ, ಒಂದು ರೋಗ ಎಂದು ಆಗ ತಿಳಿಯಿತು. 1910ರಲ್ಲಿ ಅದಕ್ಕೆ ಅವರದೇ ಹೆಸರು ಬಂತು.

ಮಿದುಳು ಬೆಳೆದು ನಿಂತ ಮೇಲೆ ಬದಲಾಗುವುದಿಲ್ಲ ಎಂದೇ ಬಹುಕಾಲ ನಂಬಿದ್ದರು. 1960ರ ದಶಕದಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಮಾರ್ಕ್ ರೋಸೆನ್‌ಜ್ವೈಗ್, ಮೇರಿಯನ್ ಡೈಮಂಡ್ ಮತ್ತು ಸಂಗಡಿಗರು ಆ ನಂಬಿಕೆಯನ್ನು ಅಲುಗಾಡಿಸಿದರು. ಕೆಲವು ಇಲಿಗಳನ್ನು ಬರಿಯ ಬೋನಿನಲ್ಲಿ ಒಂಟಿಯಾಗಿಟ್ಟರು. ಇನ್ನು ಕೆಲವಕ್ಕೆ ಜೊತೆಗಾರರನ್ನೂ ಆಟದ ಸಾಮಾನುಗಳನ್ನೂ ಕೊಟ್ಟರು. ಆಡಿ ಬೆಳೆದ ಇಲಿಗಳ ಮಿದುಳಿನ ಹೊರಪದರ ಹೆಚ್ಚು ದಪ್ಪವಾಗಿತ್ತು.

1995ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ ಕಾಟ್‌ಮನ್ ಅವರ ತಂಡ ಬೋನಿನೊಳಗೆ ತಿರುಗುವ ಚಕ್ರ ಇಟ್ಟಿತು. ಇಲಿಗಳು ತಾವಾಗಿಯೇ ಓಡಿದವು. ಅವುಗಳ ಹಿಪ್ಪೊಕ್ಯಾಂಪಸ್‌ನಲ್ಲಿ, ಅಂದರೆ ನೆನಪು ಕಟ್ಟುವ ಭಾಗದಲ್ಲಿ, ಬಿಡಿಎನ್‌ಎಫ್ ಎಂಬ ಪ್ರೋಟೀನು ತಯಾರಾಗುವುದು ಹೆಚ್ಚಿತ್ತು. ಬೆಳೆಗೆ ಗೊಬ್ಬರ ಹೇಗೋ ನರಕೋಶಕ್ಕೆ ಇದು ಹಾಗೆ. 1999ರಲ್ಲಿ ಸಾಲ್ಕ್ ಸಂಸ್ಥೆಯ ತಂಡ, ಓಡುವ ಇಲಿಗಳ ಅದೇ ಭಾಗದಲ್ಲಿ ಹೊಸದಾಗಿ ಹುಟ್ಟಿ ಉಳಿದುಕೊಂಡ ಕೋಶಗಳು ಸುಮಾರು ಎರಡರಷ್ಟಿದ್ದುದನ್ನು ಕಂಡಿತು.

ಈಗ ನಮ್ಮ ಮೈಸೂರು ರಸ್ತೆಗೆ ಬರೋಣ. ದೀಪಾಂಜಲಿ ನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿ ಕಡೆ ಹೊರಟರೆ ನಾಲ್ಕನೇ ನಿಲ್ದಾಣ ಜ್ಞಾನಭಾರತಿ. ಅಲ್ಲಿನ ಬೆಂಗಳೂರು ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಸ್. ಆಶಾದೇವಿ ಮತ್ತು ಸಂಗಡಿಗರು ಮುದಿ ಇಲಿಗಳಿಗೆ ಈಜಿನ ತರಬೇತಿ ಕೊಟ್ಟು, ಆಹಾರದಲ್ಲಿ ವಿಟಮಿನ್ ಇ ಸೇರಿಸಿ ನೋಡಿದರು. ನಮ್ಮ ದೇಹ ಉಸಿರಾಡಿದ ಆಮ್ಲಜನಕವನ್ನು ಬಳಸುವಾಗ ಕೋಶಗಳಿಗೆ ಸ್ವಲ್ಪ ಸ್ವಲ್ಪವೇ ಪೆಟ್ಟು ಬೀಳುತ್ತಿರುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ. ಇದನ್ನು ತಡೆಯುವ ಶಕ್ತಿ ವಯಸ್ಸಾದಂತೆ ಕುಗ್ಗುತ್ತದೆ. ಈಜು ಮತ್ತು ವಿಟಮಿನ್ ಇ ಜೊತೆಯಾದಾಗ ಮುದಿ ಮಿದುಳಿನಲ್ಲೂ ಆ ಶಕ್ತಿಗೆ ಬಲ ಬಂತು, ಆದರೆ ಮಿದುಳಿನ ಎಲ್ಲ ಭಾಗಗಳಲ್ಲಿ ಒಂದೇ ಸಮನಾಗಿ ಅಲ್ಲ ಎಂದು ಅವರ 2004ರ ವರದಿ ಹೇಳಿತು. ಇವು ಆಲ್‌ಝೈಮರ್ ಬಂದ ಇಲಿಗಳಲ್ಲ, ವಯಸ್ಸಾದ ಇಲಿಗಳು. ಆದರೆ ಈ ಕಾಯಿಲೆ ಹೆಚ್ಚಾಗಿ ಬರುವುದು ವಯಸ್ಸಾದ ಮಿದುಳಿಗೇ.

ಇಲಿಗಳಿಗೆ ಆಲ್‌ಝೈಮರ್ ತಾನಾಗಿ ಬರುವುದಿಲ್ಲ. ಅದಕ್ಕಾಗಿ ಮನುಷ್ಯನ ಕಾಯಿಲೆಯ ವಂಶವಾಹಿಯನ್ನು ಸೇರಿಸಿದ ಇಲಿಗಳನ್ನು 1990ರ ದಶಕದಲ್ಲಿ ಬೆಳೆಸಿದರು. 2005ರಲ್ಲಿ ಕಾಟ್‌ಮನ್ ತಂಡ ಅಂಥ ಇಲಿಗಳಿಗೆ ಚಿಕ್ಕ ವಯಸ್ಸಿನಿಂದಲೇ ಐದು ತಿಂಗಳು ಓಡಲು ಚಕ್ರ ಕೊಟ್ಟಿತು. ಓಡಿದವುಗಳ ಮಿದುಳಿನಲ್ಲಿ ಗಂಟುಗಳು ಕಡಿಮೆ ಇದ್ದವು, ಅವು ದಾರಿಯನ್ನು ಬೇಗ ಕಲಿತವು. ಹಾಗೆಂದು ಮುಂದಿನ ಎಲ್ಲ ಪ್ರಯೋಗಗಳೂ ಇದೇ ಉತ್ತರ ಕೊಡಲಿಲ್ಲ. ಕೆಲವು ಕಡೆ ಇಲಿಗಳು ಓಡಿದರೂ ಗಂಟು ಕರಗಲಿಲ್ಲ.

ಮನುಷ್ಯರಲ್ಲಿ? ಬ್ರಿಟನ್ನಿನಲ್ಲಿ ಈಗಾಗಲೇ ಮರೆವಿನ ಕಾಯಿಲೆ ಇದ್ದ 494 ಜನರನ್ನು ಸೇರಿಸಿಕೊಂಡು ಒಂದು ಪರೀಕ್ಷೆ ನಡೆಯಿತು. ಅವರಲ್ಲಿ ಹಲವರಿಗೆ ಕಠಿಣ ವ್ಯಾಯಾಮ ಮಾಡಿಸಿದರು. 2018ರಲ್ಲಿ ಫಲಿತಾಂಶ ಬಂತು: ಮೈ ಗಟ್ಟಿಯಾಯಿತು, ಮರೆವು ಮಾತ್ರ ನಿಧಾನವಾಗಲಿಲ್ಲ. ಆದ್ದರಿಂದ ವ್ಯಾಯಾಮದಿಂದ ಆಲ್‌ಝೈಮರ್ ವಾಸಿಯಾಗುತ್ತದೆ ಎಂಬ ವಾಟ್ಸಾಪ್ ಸಂದೇಶ ಬಂದರೆ ನಂಬಬೇಡಿ.

ಆದರೆ 2005ರ ಇಲಿಗಳು ಓಡಿದ್ದು ಚಿಕ್ಕ ವಯಸ್ಸಿನಿಂದ. ಈ ಚರಿತ್ರೆಯಿಂದ ನಮಗೆ ತಿಳಿಯುವುದು ಇಷ್ಟು: ಓಡಾಟ ಕಾಯಿಲೆಗೆ ಮದ್ದಲ್ಲ, ಮುಂಚೆಯೇ ಹಾಕುವ ಬೇಲಿ. ಬೆಳೆ ಮೇದ ಮೇಲೆ ಬೇಲಿ ಹಾಕಿದರೆ ಪ್ರಯೋಜನ ಕಡಿಮೆ. 2024ರ ಲ್ಯಾನ್ಸೆಟ್ ಆಯೋಗ ಪಟ್ಟಿ ಮಾಡಿದ, ನಾವು ತಡೆಯಬಹುದಾದ 14 ಕಾರಣಗಳಲ್ಲಿ ಮೈ ಅಲುಗಾಡಿಸದಿರುವುದೂ ಒಂದು. ಬಿಪಿ, ಶುಗರ್, ಕಿವಿ ಮಂದವಾಗುವುದು ಕೂಡ ಅದರಲ್ಲಿವೆ. ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಜನರನ್ನು 45ನೇ ವಯಸ್ಸಿನಿಂದಲೇ ಗಮನಿಸುತ್ತಿರುವುದೂ ಇದಕ್ಕೇ. ಕಾಯಿಲೆಯ ಬೇರು ಲಕ್ಷಣಕ್ಕಿಂತ ಎಷ್ಟೋ ವರ್ಷ ಮೊದಲೇ ಇಳಿದಿರುತ್ತದೆ.

ಹೊಲ, ಕೊಟ್ಟಿಗೆ ಎಂದು ದಿನವಿಡೀ ಓಡಾಡುತ್ತಿದ್ದ ಅಜ್ಜಿಯನ್ನು ನಗರದ ಎರಡನೇ ಮಹಡಿಗೆ ಕರೆತಂದು ಟಿವಿ ಮುಂದೆ ಕೂರಿಸುವುದನ್ನು ನಾವು ಪ್ರೀತಿ ಅಂದುಕೊಂಡಿದ್ದೇವೆ. ಬರಿಯ ಬೋನಿನ ಇಲಿಯ ಕಥೆ ಓದಿದ ಮೇಲೆ ಹಾಗನ್ನಿಸುವುದಿಲ್ಲ. ಸೊಪ್ಪು ಬಿಡಿಸಲಿ, ಹೂ ಕಟ್ಟಲಿ, ಸಂಜೆ ಯಾರಾದರೂ ಜೊತೆಯಾಗಿ ಗುಡಿಯವರೆಗೆ ನಡೆಸಿಕೊಂಡು ಹೋಗಲಿ. ಮರೆವು ಹೆಚ್ಚಾದಂತೆ ಕಂಡರೆ "ಅರಳು ಮರಳು" ಅನ್ನದೆ ಡಾಕ್ಟರಿಗೆ ತೋರಿಸಿ. ಮತ್ತೆ ನಲವತ್ತೈದು ದಾಟಿದ ನಾವು ನೀವು? ಫೋನು ಜೇಬಿಗೆ ಹಾಕಿ, ಇವತ್ತಿನಿಂದಲೇ ನಡೆಯಲು ಶುರು ಮಾಡೋಣ.