ಕಮ್ಮಾರನ ಚೀಲದಲ್ಲಿ ಸೈತಾನ

ನಾರ್ವೆಯ ಆಸ್ಬ್ಯೋರ್ನ್‌ಸೆನ್ ಮತ್ತು ಮೋ 1840ರ ದಶಕದಲ್ಲಿ ಪ್ರಕಟಿಸಿದ ಜನಪದ ಕಥೆಗಳಲ್ಲಿ ಒಬ್ಬ ಕಮ್ಮಾರನಿದ್ದಾನೆ. ಏಳು ವರ್ಷ ತನಗಿಂತ ದೊಡ್ಡ ಕಮ್ಮಾರ ಇನ್ನೊಬ್ಬನಿರಬಾರದು, ಆಮೇಲೆ ಬೇಕಾದರೆ ಎಳೆದುಕೊಂಡು ಹೋಗು ಎಂದು ಸೈತಾನನ ಜೊತೆ ಕರಾರು ಮಾಡಿಕೊಂಡವನು. ಭೂಮಿ ಸುತ್ತುತ್ತ ಯೇಸು ಮತ್ತು ಸಂತ ಪೀಟರ್ ಅವನ ಕುಲುಮೆಗೆ ಬಂದು ಮೂರು ವರ ಕೊಡುತ್ತಾರೆ. ಇವನು ಕೇಳುವುದೇನು? ತನ್ನ ಪೇರು ಮರ ಹತ್ತಿದವರು, ತನ್ನ ಕುರ್ಚಿಯಲ್ಲಿ ಕೂತವರು, ತನ್ನ ಹಣದ ಚೀಲ ಹೊಕ್ಕವರು ತಾನು ಬಿಡುವ ತನಕ ಹೊರಬರಬಾರದು. ಸ್ವರ್ಗ ಕೇಳಬಾರದಿತ್ತೇ ಎಂದು ಪೀಟರ್‌ಗೆ ಸಿಟ್ಟು.

ಏಳು ವರ್ಷ ಕಳೆದು ಸೈತಾನ ಬರುತ್ತಾನೆ. ಒಮ್ಮೆ ಮರದಲ್ಲಿ ಸಿಕ್ಕಿಬೀಳುತ್ತಾನೆ, ಒಮ್ಮೆ ಕುರ್ಚಿಯಲ್ಲಿ. ಕೊನೆಗೆ ಚೀಲದೊಳಗೆ ಸಿಕ್ಕಾಗ ಕಮ್ಮಾರ ಅದನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿಯುತ್ತಾನೆ. ಮುಂದೆ ಇವನೇ ನರಕದ ಬಾಗಿಲಿಗೆ ಹೋದರೆ ಒಳಗಿನವರು ಹೆದರಿ ಬೀಗ ಜಡಿಯುತ್ತಾರೆ. ಸ್ವರ್ಗದ ಬಾಗಿಲು ತುಸು ತೆರೆದಿದೆ. ಆ ಸಂದಿಗೆ ಸುತ್ತಿಗೆ ಎಸೆಯುತ್ತಾನೆ. ಒಳಗೆ ಹೋದನೋ ಇಲ್ಲವೋ, ಕಥೆ ಹೇಳುವವನೂ ಹೇಳುವುದಿಲ್ಲ.

ಈ ಕಥೆಗೊಂದು ನಂಬರ್ ಇದೆ. ಫಿನ್ಲೆಂಡಿನ ಆಂಟಿ ಆರ್ನೆ 1910ರಲ್ಲಿ ಆರಂಭಿಸಿ, ಅಮೆರಿಕದ ಸ್ಟಿತ್ ಥಾಂಪ್ಸನ್ ಬೆಳೆಸಿ, ಜರ್ಮನಿಯ ಹಾನ್ಸ್ ಯೋರ್ಗ್ ಊಥರ್ 2004ರಲ್ಲಿ ಪರಿಷ್ಕರಿಸಿದ ಕಥಾಸೂಚಿಯಲ್ಲಿ ಇದು 330. ಗ್ರಿಮ್ ಸಹೋದರರಲ್ಲಿ ಕಮ್ಮಾರನ ಬದಲು ಜೂಜುಕೋರ ಹಾನ್ಸೆಲ್ ಇದ್ದಾನೆ, ಮರದಲ್ಲಿ ಸಿಕ್ಕಿಬೀಳುವುದು ಸಾವು. ಐರ್ಲೆಂಡಿನಲ್ಲಿ ಸ್ವರ್ಗಕ್ಕೂ ನರಕಕ್ಕೂ ಬೇಡವಾದ ಜಾಕ್ ಕೆಂಡ ಹಿಡಿದು ಕತ್ತಲೆಯಲ್ಲಿ ಅಲೆಯುತ್ತಾನೆ.

2016ರಲ್ಲಿ ಸಾರಾ ಗ್ರಾಸಾ ದ ಸಿಲ್ವಾ ಮತ್ತು ಜಮ್ಶೀದ್ ತೆಹ್ರಾನಿ ಎಂಬ ಸಂಶೋಧಕರು ಇಂಡೋ-ಯುರೋಪಿಯನ್ ಭಾಷೆಗಳ 50 ಸಮುದಾಯಗಳಲ್ಲಿ 275 ಮಾಯಾಕಥೆಗಳನ್ನು ಹುಡುಕಿ, ಜೀವಿಗಳ ವಂಶವೃಕ್ಷ ಕಟ್ಟುವ ಲೆಕ್ಕಾಚಾರವನ್ನೇ ಅವುಗಳಿಗೂ ಹಚ್ಚಿದರು. ಕಮ್ಮಾರ ಮತ್ತು ಸೈತಾನನ ಕಥೆ ಸುಮಾರು 6000 ವರ್ಷ ಹಳೆಯದು, ಸಂಸ್ಕೃತ, ಗ್ರೀಕ್, ಲ್ಯಾಟಿನ್ ಬೇರೆಯಾಗುವ ಮೊದಲಿನದು ಎಂದು ಅವರ ತೀರ್ಮಾನ. ಪತ್ರಿಕೆಗಳು ಇದನ್ನು ಹಬ್ಬದಂತೆ ಪ್ರಕಟಿಸಿದವು.

ನನಗೆ ಪೂರ್ತಿ ನಂಬಿಕೆ ಬರುವುದಿಲ್ಲ. ಸೈತಾನನ ಹೆಸರಂತೂ ಅಷ್ಟು ಹಳೆಯದಲ್ಲ. ಅವರೂ 'ದುಷ್ಟ ಅತಿಮಾನುಷ ಶಕ್ತಿ' ಎಂದಷ್ಟೇ ಹೇಳುತ್ತಾರೆ, ಅದು ಸರಿಯೇ. ತೊಡಕಿರುವುದು ಕಮ್ಮಾರನಲ್ಲಿ. ಆ ಮೂಲಭಾಷೆಯಲ್ಲಿ ಲೋಹಕ್ಕೆ ಒಂದು ಪದವಿತ್ತು. ಸಂಸ್ಕೃತದ ಅಯಸ್, ಲ್ಯಾಟಿನ್ನಿನ ಆಯೆಸ್ ಅದರ ಮಕ್ಕಳು. ಆದರೆ ಲೋಹ ಬಡಿಯುವವನಿಗೆ ಎಲ್ಲರೂ ಹಂಚಿಕೊಂಡ ಪದ ಸಿಗುವುದಿಲ್ಲ. ಗ್ರೀಕರು ತಾಮ್ರದ ಹೆಸರಿನಿಂದ ಖಲ್ಕೇವ್ಸ್ ಎಂದರು, ಲ್ಯಾಟಿನ್ನರು ಫಾಬರ್ ಎಂದರು, ಋಗ್ವೇದ ಕರ್ಮಾರ ಎಂದಿತು. ನಮ್ಮ ಕಮ್ಮಾರ ಪ್ರಾಕೃತದ ದಾರಿಯಲ್ಲಿ ಬಂದದ್ದು ಅಲ್ಲಿಂದಲೇ. ಒಬ್ಬೊಬ್ಬರೂ ತಮ್ಮ ತಮ್ಮ ಪದ ಮಾಡಿಕೊಂಡಿದ್ದಾರೆ. ಜಾನಪದ ವಿದ್ವಾಂಸ ಜಾನ್ ಲಿಂಡೋ ಎತ್ತಿದ ಆಕ್ಷೇಪವೂ ಇದೇ. ಹೆಸರಿಲ್ಲದ ಕಸುಬಿನವನು ಕಥಾನಾಯಕನಾಗಿದ್ದನೇ? ಪದ ಇದ್ದು ಕಳೆದುಹೋಗಿರಲೂಬಹುದು ಎಂಬುದು ಅವರ ಪರವಾದ ವಾದ. ಆದರೆ ಹಾಗೆ ನೋಡಿದರೆ ಏನನ್ನು ಬೇಕಾದರೂ ಸಾಧಿಸಬಹುದು.

ಇನ್ನೊಂದು ಅನುಮಾನ ನನ್ನ ಕಸುಬಿನಿಂದ ಬಂದದ್ದು. ಭಾಷೆ ತಾಯಿಯಿಂದ ಮಗುವಿಗೆ ಇಳಿಯುತ್ತದೆ. ಕಥೆ ಹಾಗಲ್ಲ. ಸಂತೆಯಲ್ಲಿ, ಧರ್ಮಛತ್ರದಲ್ಲಿ ಎರಡು ಭಾಷೆ ಬಲ್ಲ ಒಬ್ಬನೇ ಒಬ್ಬ ಕೇಳುಗ ಸಾಕು, ಅದು ಗಡಿ ದಾಟುತ್ತದೆ. ನೆರೆಹೊರೆಯ ಈ ಪ್ರಭಾವವನ್ನು ಬೇರ್ಪಡಿಸಲು ಸಂಶೋಧಕರು ಲೆಕ್ಕ ಹಾಕಿದ್ದಾರೆ, ಸುಳ್ಳಲ್ಲ. ಆದರೆ ಬೇರೆ ಕುಟುಂಬದವರಾದ ನಾವು ದ್ರಾವಿಡರು ಆ ಮರದಲ್ಲೇ ಇಲ್ಲ. ವಂಶವೃಕ್ಷದ ಹೊರಗಿನವರನ್ನು ಬಿಟ್ಟು ಎಣಿಸಿದರೆ ಎಲ್ಲವೂ ವಂಶದ ಆಸ್ತಿಯಂತೆ ಕಾಣುವ ಅಪಾಯವಿದೆ.

ದೆವ್ವಕ್ಕೆ ಮೋಸ ಮಾಡುವ ವಿದ್ಯೆಗಂತೂ ನಮ್ಮಲ್ಲಿ ಬರವಿಲ್ಲ. ಲಾಲ್ ಬಿಹಾರಿ ಡೇ 1883ರಲ್ಲಿ ಪ್ರಕಟಿಸಿದ ಬಂಗಾಳಿ ಕಥೆಗಳಲ್ಲಿ ಒಬ್ಬ ಕ್ಷೌರಿಕ ತನ್ನ ಕನ್ನಡಿಯನ್ನು ಭೂತದ ಮುಂದೆ ಹಿಡಿಯುತ್ತಾನೆ: ನೋಡು, ಒಂದನ್ನು ಆಗಲೇ ಹಿಡಿದು ಹಾಕಿದ್ದೇನೆ, ಮುಂದಿನ ಸರದಿ ನಿನ್ನದು. ಭೂತ ತನ್ನ ಮುಖಕ್ಕೇ ಹೆದರಿ ಅವನ ಆಳಾಗುತ್ತದೆ. ಇಲ್ಲೂ ಕಸುಬಿನ ಸಲಕರಣೆಯೇ ಆಯುಧ, ಇಲ್ಲೂ ಚೀಲವಿದೆ. ಮಂತ್ರವಾದಿಯ ಅಗತ್ಯವೇ ಬೀಳುವುದಿಲ್ಲ.

ಆದರೆ ಕನ್ನಡದವರು ಮಾಡಿದ್ದು ಇದಕ್ಕಿಂತ ಸೂಕ್ಷ್ಮ. 1990ರ ದಶಕದಲ್ಲಿ ಬೆಂಗಳೂರಿನ ಸುತ್ತ ಬಾಗಿಲು ಬಾಗಿಲಿಗೂ ಬರೆದ 'ನಾಳೆ ಬಾ' ನೆನಪಿರಬೇಕು ನಿಮಗೆ. ಪರಿಚಿತರ ದನಿಯಲ್ಲಿ ಕರೆಯುವ ದೆವ್ವ ಅದನ್ನು ಓದಿ ಹಿಂದಿರುಗುತ್ತಿತ್ತು, ಮರುದಿನ ಬಂದು ಮತ್ತೆ ಓದುತ್ತಿತ್ತು. ಭಾಷಾವಿಜ್ಞಾನದ ತರಗತಿಯಲ್ಲಿ ಇಂಥ ಪದಗಳ ಬಗ್ಗೆ ಒಂದು ಅಧ್ಯಾಯವೇ ಇರುತ್ತದೆ. 'ನಾಳೆ' ಎಂಬುದರ ಅರ್ಥ ಹೇಳಿದವನ ಇವತ್ತಿನ ಮೇಲೆ ನಿಂತಿದೆ. ಬಾಯಲ್ಲಿ ಹೇಳಿದ್ದರೆ ಒಂದೇ ದಿನಕ್ಕೆ ಅದರ ಗಡುವು ಮುಗಿಯುತ್ತಿತ್ತು. ಗೋಡೆಗೆ ಬರೆದದ್ದರಿಂದ ಓದಿದ ದಿನವೇ ಇವತ್ತಾಯಿತು. ಅಕ್ಷರ ಬಂದ ಮೇಲಷ್ಟೇ ಹುಟ್ಟಬಹುದಾದ ಉಪಾಯ ಇದು, ಅಕ್ಷರಸ್ಥ ದೆವ್ವಕ್ಕೆ ಮಾತ್ರ ನಾಟುವಂಥದ್ದು. ಸೈತಾನ ಕರಾರಿಗೆ ಕಟ್ಟುಬಿದ್ದ ಹಾಗೆ ಇದೂ ಮಾತಿಗೆ ಕಟ್ಟುಬಿದ್ದಿದೆ. ಒಪ್ಪಂದ ಮುರಿಯುವುದು ಯಾವಾಗಲೂ ಮನುಷ್ಯನೇ.

ಹೈದರಾಬಾದಿನ ಓದುಗರು ಇದನ್ನೇ 'ಓ ಸ್ತ್ರೀ ರೇಪು ರಾ' ಎಂದು ಬಲ್ಲರು. ಹಿಂದಿಗೆ ಹೋದಾಗ, 2018ರ 'ಸ್ತ್ರೀ' ಸಿನಿಮಾದಲ್ಲಿ, 'ಓ ಸ್ತ್ರೀ ಕಲ್ ಆನಾ' ಆಯಿತು. ಅನುವಾದಕಿಯಾಗಿ ಅಲ್ಲಿ ನನಗೆ ಸ್ವಲ್ಪ ಭಯವಾಗುತ್ತದೆ. ಹಿಂದಿಯಲ್ಲಿ ನಿನ್ನೆಯೂ 'ಕಲ್', ನಾಳೆಯೂ 'ಕಲ್'. ಆ ಮನೆಯವರನ್ನು ಕಾಯುತ್ತಿರುವುದು 'ಆನಾ' ಎಂಬ ಕ್ರಿಯಾಪದ ಒಂದೇ.